ಹೊಸ ಲ್ಯಾಪ್‌ಟಾಪ್‌ಗೆ ಅರೆಬರೆ ವಾರಂಟಿ ರಿಪೇರಿ: ಕೊಡಗಿನವರು ಏನು ಮಾಡಬೇಕು

ಹೊಸ ಲ್ಯಾಪ್‌ಟಾಪ್ ಕೆಟ್ಟಿತು, ವಾರಂಟಿಯಲ್ಲಿ ರಿಪೇರಿಯಾಗಿ ಬಂತು, ವಾರ ಕಳೆಯುವುದರೊಳಗೆ ಮತ್ತೆ ಅದೇ ತೊಂದರೆ. ಮೈಸೂರಿನಲ್ಲೇ ಇರುವವರಾದರೆ ಸಂಜೆ ಹೋಗಿ ಕೊಟ್ಟು ಬರುತ್ತಾರೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಭಾಗಮಂಡಲದ ಕಡೆಯವರಿಗೆ ಮಡಿಕೇರಿಗೆ ಬರುವುದಕ್ಕೇ ಒಂದು ಗಂಟೆ ಬೇಕು. ಒಂದು ಸಲ ಸರ್ವಿಸ್ ಸೆಂಟರ್‌ಗೆ ಹೋಗಿಬಂದರೆ ಒಂದು ದಿನದ ಕ್ಲಾಸೋ ತೋಟದ ಕೆಲಸವೋ ಹೋಯಿತೆಂದೇ ಲೆಕ್ಕ. ಹಾಗಾಗಿ ಇಲ್ಲಿಯವರು ಎರಡು ವಿಷಯದಲ್ಲಿ ಗಟ್ಟಿಯಾಗಿರಬೇಕು. ಪರೀಕ್ಷಿಸದೆ ಕೌಂಟರ್ ಬಿಡಬಾರದು. ತೊಂದರೆ ಏನೆಂದು ನಿಮ್ಮ ಮಾತಿನಲ್ಲೇ ಬರೆದ ಜಾಬ್ ಶೀಟ್, ಅಂದರೆ ಸರ್ವಿಸ್ ಸೆಂಟರ್‌ನವರು ಕೊಡುವ ದೂರಿನ ಚೀಟಿ, ಇಲ್ಲದೆ ಮನೆಗೆ ಬರಬಾರದು. ಮುಂದೆ ಲ್ಯಾಪ್‌ಟಾಪ್ ಬದಲಾಯಿಸಿ ಕೊಡಿ ಎಂದು ಕೇಳುವಾಗ ನಿಮ್ಮ ಪರವಾಗಿ ನಿಲ್ಲುವುದು ಆ ಶೀಟುಗಳೇ.

ಮೊದಲ ವಾರ

ಕೊಂಡ ಹೊಸತರಲ್ಲಿ ತೊಂದರೆ ಸಿಕ್ಕರೆ ರಿಪೇರಿಗೆ ಒಪ್ಪಬೇಡಿ, ಬದಲಿ ಕೇಳಿ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಬದಲಿ ಕೇಳುವ ಅವಧಿ ಬಹಳ ಸಲ 7 ದಿನ ಮಾತ್ರ. ಆರ್ಡರ್ ಪುಟದಲ್ಲಿ ಕೊನೆಯ ದಿನಾಂಕ ಇರುತ್ತದೆ, ಅದನ್ನು ಮೊದಲ ದಿನವೇ ನೋಡಿಟ್ಟುಕೊಳ್ಳಿ. ಅಂಗಡಿಯಲ್ಲಿ ಕೊಂಡಿದ್ದರೆ ಬಿಲ್ಲಿನ ಹಿಂದೆ ಮುಂದೆ ಓದಿ. ‘ಮಾರಿದ ಮಾಲು ವಾಪಸ್ ಇಲ್ಲ’ ಎಂದು ಅಚ್ಚು ಹಾಕಿದ್ದರೂ ಕೆಟ್ಟ ಮಾಲಿಗೆ ಅದು ನಡೆಯುವುದಿಲ್ಲ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ.

ಈ ಅವಧಿಯೊಳಗೆ ಲ್ಯಾಪ್‌ಟಾಪನ್ನು ಚೆನ್ನಾಗಿ ದುಡಿಸಬೇಕು. ಪೆಟ್ಟಿಗೆ ಬಿಚ್ಚುವಾಗ ಸೀರಿಯಲ್ ನಂಬರ್ ಕಾಣುವಂತೆ ವಿಡಿಯೊ ಮಾಡಿ. ಪೂರ್ತಿ ಕಪ್ಪು, ಪೂರ್ತಿ ಬಿಳಿ ಚಿತ್ರ ತೆರೆದು ಪರದೆಯಲ್ಲಿ ಸತ್ತ ಚುಕ್ಕಿ ಇದೆಯೇ ನೋಡಿ. ಎಲ್ಲ ಯುಎಸ್‌ಬಿ ಕಿಂಡಿಗೂ ಪೆನ್‌ಡ್ರೈವ್ ಹಾಕಿ. ಎರಡು ಗಂಟೆ ವಿಡಿಯೊ ಓಡಿಸಿ, ರಾತ್ರಿ ಸ್ಲೀಪ್‌ನಲ್ಲಿಟ್ಟು ಬೆಳಿಗ್ಗೆ ಎದ್ದೇಳುತ್ತದೆಯೇ ನೋಡಿ. ಒಂದು ಸಲ ಬ್ಯಾಟರಿ ಪೂರ್ತಿ ಇಳಿಸಿ ಮತ್ತೆ ತುಂಬಿಸಿ.

ಕಂಪನಿಯ ವೆಬ್‌ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿದರೆ ವಾರಂಟಿ ಶುರುವಾದ ದಿನ ಕಾಣುತ್ತದೆ. ಲ್ಯಾಪ್‌ಟಾಪ್ ಕಾರ್ಖಾನೆ ಬಿಟ್ಟ ದಿನವನ್ನೇ ಅಲ್ಲಿ ತೋರಿಸುತ್ತಿದ್ದರೆ ನಿಮ್ಮ ವಾರಂಟಿಯಲ್ಲಿ ತಿಂಗಳುಗಳೇ ಹೋಗಿರುತ್ತವೆ. ಬಿಲ್ಲು ಅಪ್‌ಲೋಡ್ ಮಾಡಿ ಸರಿಪಡಿಸಿಕೊಳ್ಳಿ. ಈ ಕೆಲಸ ಮೊದಲ ವಾರದಲ್ಲಿ ಸುಲಭ, ಲ್ಯಾಪ್‌ಟಾಪ್ ಕೆಟ್ಟ ಮೇಲೆ ತಲೆನೋವು.

ಬಿಲ್ಲು ಯಾರ ಹೆಸರಿನಲ್ಲಿದೆ ಎಂಬುದೂ ಮುಖ್ಯ. ಜಿಎಸ್‌ಟಿ ಲಾಭಕ್ಕೆಂದು ಎಸ್ಟೇಟಿನ ಅಥವಾ ಹೋಂಸ್ಟೇ ಹೆಸರಿಗೆ ಬಿಲ್ಲು ಮಾಡಿಸುವ ರೂಢಿ ನಮ್ಮಲ್ಲಿದೆ. ಆಗ ‘ಇದು ವಾಣಿಜ್ಯ ಉದ್ದೇಶದ ಖರೀದಿ, ಇವರು ಗ್ರಾಹಕರೇ ಅಲ್ಲ’ ಎಂಬ ತಕರಾರು ಎದುರಿನಿಂದ ಬರುತ್ತದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಬಳಸುವವರಿಗೆ ಕಾಯ್ದೆ ವಿನಾಯಿತಿ ಕೊಟ್ಟಿದೆ, ಆದರೆ ಅದನ್ನು ನೀವು ರುಜುವಾತು ಮಾಡಬೇಕು. ಮನೆ ಬಳಕೆಯ ಲ್ಯಾಪ್‌ಟಾಪಾದರೆ ಬಿಲ್ಲು ನಿಮ್ಮ ಹೆಸರಿನಲ್ಲೇ ಇರಲಿ.

ತೊಂದರೆಯನ್ನು ಹಿಡಿದು ತೋರಿಸುವುದು

ಸರ್ವಿಸ್ ಸೆಂಟರ್‌ನಲ್ಲಿ ಹತ್ತು ನಿಮಿಷ ಓಡಿಸಿ ನೋಡುತ್ತಾರೆ. ನಿಮ್ಮ ತೊಂದರೆ ನಲವತ್ತನೇ ನಿಮಿಷಕ್ಕೆ ಬರುವಂಥದ್ದಾದರೆ ಶೀಟಿನಲ್ಲಿ ‘ತೊಂದರೆ ಕಂಡುಬಂದಿಲ್ಲ’ ಎಂದು ಬರೆದು ವಾಪಸ್ ಕೊಡುತ್ತಾರೆ. ಆ ಎರಡು ಪದ ಮುಂದೆ ನಿಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆ. ಆದ್ದರಿಂದ ತೊಂದರೆ ಯಾವಾಗ, ಏನು ಮಾಡಿದಾಗ ಬರುತ್ತದೆ ಎಂಬುದನ್ನು ಮನೆಯಲ್ಲೇ ಹಿಡಿಯಿರಿ. ಪರದೆಯಲ್ಲಿ ಗೆರೆ ಬಂದರೆ ಟಿವಿಗೆ ಎಚ್‌ಡಿಎಂಐ ವೈರ್ ಹಾಕಿ ನೋಡಿ. ಟಿವಿಯಲ್ಲಿ ಚಿತ್ರ ಸರಿಯಿದ್ದು ಲ್ಯಾಪ್‌ಟಾಪಿನಲ್ಲಿ ಮಾತ್ರ ಗೆರೆಯಿದ್ದರೆ ದೋಷ ಪ್ಯಾನೆಲ್‌ನದ್ದು ಅಥವಾ ಅದರ ಕೇಬಲ್‌ನದ್ದು. ಮುಚ್ಚಳ ಅಲುಗಿಸಿದಾಗ ಗೆರೆ ಹೆಚ್ಚುಕಡಿಮೆ ಆದರೆ ಕೇಬಲ್ ಮೇಲೇ ಅನುಮಾನ. ಟಿವಿಯಲ್ಲೂ ಗೆರೆ ಬಂದರೆ ಗ್ರಾಫಿಕ್ಸ್ ಭಾಗ, ಅಂದರೆ ಬಹುತೇಕ ಮದರ್‌ಬೋರ್ಡ್.

ತಾನಾಗಿ ಆಫ್ ಆಗುವ ಯಂತ್ರವಾದರೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್‌ನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಹುಡುಕಿ. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ನಿಂತಿತ್ತು ಎಂಬುದನ್ನು ಅದು ದಿನಾಂಕ, ಗಂಟೆ ಸಮೇತ ಹೇಳುತ್ತದೆ. ಡಬ್ಲ್ಯುಎಚ್‌ಇಎ-ಲಾಗರ್ ಹೆಸರಿನ ದೋಷಗಳು ಸಾಲುಸಾಲಾಗಿ ಇದ್ದರೆ ಹಾರ್ಡ್‌ವೇರ್ ಕಡೆಗೇ ಬೊಟ್ಟು. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಎಂದು ಹುಡುಕಿದರೆ ದಿನವಾರು ಕ್ರ್ಯಾಶ್‌ಗಳ ಪಟ್ಟಿ ಒಂದೇ ಪುಟದಲ್ಲಿ ಸಿಗುತ್ತದೆ. ಅದರ ಫೋಟೊ ತೆಗೆದಿಡಿ. ಬ್ಯಾಟರಿ ಬೇಗ ಇಳಿದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಎಂದು ಇಂಗ್ಲಿಷ್‌ನಲ್ಲಿ ಹೊಡೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ ಅದಕ್ಕೆ ಅಂಟಿದಂತೆ ಬ್ಯಾಟರಿರಿಪೋರ್ಟ್ ಎಂದು ಹೊಡೆಯಿರಿ (powercfg /batteryreport). ಒಂದು ವರದಿ ತಯಾರಾಗುತ್ತದೆ. ಡಿಸೈನ್ ಕೆಪಾಸಿಟಿ (ಹೊಸತರಲ್ಲಿ ಹಿಡಿಯಬೇಕಾದ ಚಾರ್ಜ್) ಎಷ್ಟು, ಫುಲ್ ಚಾರ್ಜ್ ಕೆಪಾಸಿಟಿ (ಈಗ ಹಿಡಿಯುವ ಚಾರ್ಜ್) ಎಷ್ಟು, ಸೈಕಲ್ ಕೌಂಟ್ (ಎಷ್ಟು ಸಲ ಪೂರ್ತಿ ತುಂಬಿ ಇಳಿದಿದೆ) ಎಷ್ಟು ಎಂಬುದು ಅದರಲ್ಲಿರುತ್ತದೆ.

ಎಲ್ಲಕ್ಕಿಂತ ಗಟ್ಟಿ ಪುರಾವೆ ಕಂಪನಿಯದೇ ಪರೀಕ್ಷೆ. ಡೆಲ್‌ನಲ್ಲಿ ಆನ್ ಮಾಡುವಾಗ ಎಫ್12 ಒತ್ತಿ ಡಯಾಗ್ನೊಸ್ಟಿಕ್ಸ್ ಆರಿಸಬೇಕು, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ನಂತರ ಎಫ್2. ಬೇರೆ ಕಂಪನಿಗಳದ್ದೂ ಇಂಥದ್ದೇ ಇರುತ್ತದೆ. ಈ ಪರೀಕ್ಷೆ ವಿಂಡೋಸ್ ಶುರುವಾಗುವ ಮೊದಲೇ ನಡೆಯುತ್ತದೆ. ಅಲ್ಲಿ ಎರರ್ ಕೋಡ್ ಬಂದರೆ ‘ಸಾಫ್ಟ್‌ವೇರ್ ಪ್ರಾಬ್ಲಂ ಸರ್, ವಿಂಡೋಸ್ ಹೊಸದಾಗಿ ಹಾಕಿ’ ಎಂಬ ಮಾತಿಗೆ ಜಾಗವೇ ಇರುವುದಿಲ್ಲ. ಚಿಕ್ಕ ಪರೀಕ್ಷೆ ಸಾಲದು, ಎಕ್ಸ್‌ಟೆಂಡೆಡ್ ಆರಿಸಿ ರಾತ್ರಿ ಓಡಲು ಬಿಡಿ.

ಇಲ್ಲಿಯ ಮನೆಗಳಲ್ಲಿ ಮೊದಲು ನೋಡಬೇಕಾದ್ದು ಅರ್ಥಿಂಗ್. ಹಳೆಯ ತೋಟದ ಮನೆಗಳಲ್ಲಿ ಮೂರನೇ ಪಿನ್ನಿಗೆ ಅರ್ಥ್ ಇರುವುದಿಲ್ಲ, ಇದ್ದರೂ ಅರ್ಥ್ ಗುಂಡಿ ಒಣಗಿರುತ್ತದೆ. ಆಗ ಚಾರ್ಜರ್ ಹಾಕಿದಾಗ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ, ಟಚ್‌ಪ್ಯಾಡ್‌ನಲ್ಲಿ ಬಾಣ ತಾನಾಗಿ ಕುಣಿಯುತ್ತದೆ, ಹೆಡ್‌ಫೋನ್‌ನಲ್ಲಿ ಗುಂಯ್ ಎನ್ನುತ್ತದೆ. ಇದೇ ಯಂತ್ರವನ್ನು ಸರ್ವಿಸ್ ಸೆಂಟರ್‌ನ ಒಳ್ಳೆಯ ಅರ್ಥ್ ಇರುವ ಸಾಕೆಟ್‌ಗೆ ಹಾಕಿದರೆ ಏನೂ ಇಲ್ಲ! ಚಾರ್ಜರ್ ತೆಗೆದು ಬರೀ ಬ್ಯಾಟರಿಯಲ್ಲಿ ಓಡಿಸಿ. ತೊಂದರೆ ನಿಂತುಹೋದರೆ ಮೊದಲು ಎಲೆಕ್ಟ್ರೀಶಿಯನ್‌ರನ್ನು ಕರೆಸಿ. ಬ್ಯಾಟರಿಯಲ್ಲೂ ಮುಂದುವರಿದರೆ ದೋಷ ಲ್ಯಾಪ್‌ಟಾಪಿನದ್ದೇ, ಮತ್ತು ‘ಬ್ಯಾಟರಿಯಲ್ಲಿ ಓಡಿಸುವಾಗಲೂ ಬರುತ್ತದೆ’ ಎಂಬ ವಾಕ್ಯ ಜಾಬ್ ಶೀಟಿನಲ್ಲಿ ಇರಲೇಬೇಕು. ಹಳೆ ಮಾದರಿಯ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ಚಾರ್ಜ್ ನಿಂತು ನಿಂತು ಬಂದರೂ ಇದೇ ರೀತಿ ಬೇರ್ಪಡಿಸಿ ನೋಡಿ.

ದೂರು ಕೊಡುವಾಗ

ವಾರಂಟಿ ಎರಡು ಬಗೆ. ಆನ್‌ಸೈಟ್ ಆದರೆ ಟೆಕ್ನಿಷಿಯನ್ ಮನೆಗೆ ಬರಬೇಕು; ಕ್ಯಾರಿ-ಇನ್ ಆದರೆ ನೀವೇ ಒಯ್ಯಬೇಕು ಅಥವಾ ಕೊರಿಯರ್ ಮಾಡಬೇಕು. ಆನ್‌ಸೈಟ್ ಎಂದಿದ್ದರೂ 571201 ಎಂಬ ಮಡಿಕೇರಿಯ ಪಿನ್‌ಕೋಡ್, 571218 ಎಂಬ ವಿರಾಜಪೇಟೆಯ ಪಿನ್‌ಕೋಡ್ ಹೇಳಿದೊಡನೆ ‘ನಿಮ್ಮ ಏರಿಯಾಗೆ ಸರ್ವಿಸ್ ಇಲ್ಲ’ ಎನ್ನುವುದುಂಟು. ಆಗ ವಾರಂಟಿ ಷರತ್ತಿನಲ್ಲಿ ಪಿನ್‌ಕೋಡ್ ಹೊರಗಿಟ್ಟ ವಾಕ್ಯ ಎಲ್ಲಿದೆ ತೋರಿಸಿ ಎಂದು ಇಮೇಲ್‌ನಲ್ಲೇ ಕೇಳಿ. ಬಾಯಿಮಾತಿಗೆ ಒಪ್ಪಿ ಬಸ್ಸು ಹತ್ತಬೇಡಿ. ಹೊಸದಾಗಿ ಕೊಳ್ಳುವವರು ಬೆಲೆ ವಿಚಾರಿಸುವ ಮೊದಲೇ ತಮ್ಮ ಪಿನ್‌ಕೋಡ್ ವಿಚಾರಿಸುವುದು ಒಳ್ಳೆಯದು.

ಫೋನಿನಲ್ಲಿ ದೂರು ಕೊಟ್ಟರೂ ಅದೇ ದಿನ ಇಮೇಲ್ ಹಾಕಿ. ಸೀರಿಯಲ್ ನಂಬರ್, ಬಿಲ್ಲಿನ ದಿನಾಂಕ, ದೂರಿನ ಸಂಖ್ಯೆ, ಡಯಾಗ್ನೊಸ್ಟಿಕ್ಸ್ ಕೋಡ್, ವಿಡಿಯೊ ಎಲ್ಲ ಒಂದೇ ಮೇಲ್‌ನಲ್ಲಿರಲಿ. ಪ್ರತಿ ಸಲ ಹೊಸ ಮೇಲ್ ಬರೆಯಬೇಡಿ, ಅದಕ್ಕೇ ರಿಪ್ಲೈ ಮಾಡುತ್ತ ಹೋಗಿ. ಒಂದೇ ಸರದಲ್ಲಿ ಇಡೀ ಇತಿಹಾಸ ಉಳಿಯುತ್ತದೆ. ವಾರಂಟಿ ಮುಗಿಯುವ ಹೊತ್ತಾಗಿದ್ದರೆ ಕೊನೆಯ ದಿನಕ್ಕೆ ಮೊದಲೇ ದೂರು ದಾಖಲಾಗಿರಬೇಕು. ಲ್ಯಾಪ್‌ಟಾಪ್ ಸರ್ವಿಸ್ ಸೆಂಟರ್‌ನಲ್ಲಿ ಬಿದ್ದಿದ್ದ ದಿನಗಳನ್ನು ಹೆಚ್ಚಿನ ಕಂಪನಿಗಳು ತಾವಾಗಿ ವಾರಂಟಿಗೆ ಸೇರಿಸುವುದಿಲ್ಲ, ಸೇರಿಸಿ ಎಂದು ಬರೆದು ಕೇಳಬೇಕು.

ಮಳೆಗಾಲದಲ್ಲಿ ಮಂಗಳೂರಿನ ಬದಲು ಮೈಸೂರಿನ ಸೆಂಟರನ್ನೇ ಆರಿಸಿಕೊಳ್ಳಿ. ಮಂಗಳೂರು ದಾರಿಯ ಸಂಪಾಜೆ ಘಾಟಿ 2018ರ ಆಗಸ್ಟ್‌ನ ಭೂಕುಸಿತದಲ್ಲಿ ಕಡಿದುಹೋಗಿದ್ದನ್ನು ಯಾರೂ ಮರೆತಿಲ್ಲ. ಕೊರಿಯರ್ ಮಾಡಲೇಬೇಕಾದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟೇಪು ಹಾಕಿ, ಮೇಲೆ ಬಬಲ್ ಶೀಟು ಎರಡು ಸುತ್ತು, ಆಮೇಲೆ ಕಂಪನಿಯ ಮೂಲ ಪೆಟ್ಟಿಗೆ, ಅದರ ಹೊರಗೆ ಇನ್ನೊಂದು ರಟ್ಟಿನ ಪೆಟ್ಟಿಗೆ. ತೊಂದರೆ ಚಾರ್ಜಿಂಗ್‌ನದ್ದಲ್ಲದಿದ್ದರೆ ಚಾರ್ಜರ್ ಮನೆಯಲ್ಲೇ ಇರಲಿ.

ಕೈಗೆ ಕೊಡುವ ಮುನ್ನ

ಬ್ಯಾಕಪ್ ತೆಗೆಯಿರಿ. ಡೇಟಾ ಹೋದರೆ ಹೊಣೆ ನಮ್ಮದಲ್ಲ ಎಂದು ಪ್ರತಿ ಜಾಬ್ ಶೀಟಿನಲ್ಲೂ ಅಚ್ಚಾಗಿರುತ್ತದೆ. ಬ್ಯಾಕಪ್‌ನಷ್ಟೇ ಮುಖ್ಯವಾದದ್ದು ಡಿಸ್ಕ್‌ನ ಬೀಗ ತೆರೆಯುವ ಬಿಟ್‌ಲಾಕರ್ ಕೀ. ಮೈಕ್ರೋಸಾಫ್ಟ್ ಖಾತೆ ಹಾಕಿ ಶುರು ಮಾಡಿದ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಸಾಮಾನ್ಯವಾಗಿ ನಿಮಗೆ ಗೊತ್ತಿಲ್ಲದೆಯೇ ಎನ್‌ಕ್ರಿಪ್ಟ್ ಆಗಿರುತ್ತದೆ. ಮದರ್‌ಬೋರ್ಡ್ ಬದಲಾಯಿಸಿದರೆ ಅದರಲ್ಲಿದ್ದ, ಈ ಬೀಗದ ಕೀ ಕಾಯ್ದಿಡುವ ಟಿಪಿಎಂ ಚಿಪ್ ಹೋಗುತ್ತದೆ, ಹೊಸ ಬೋರ್ಡ್ ಹಾಕಿ ಆನ್ ಮಾಡಿದೊಡನೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಪ್ರಾಜೆಕ್ಟು, ಫೋಟೊ ಎಲ್ಲ ಹೋದಂತೆಯೇ. ಮೈಕ್ರೋಸಾಫ್ಟ್ ಖಾತೆಗೆ ಫೋನಿನಿಂದ ಲಾಗಿನ್ ಆಗಿ, ಡಿವೈಸ್ ಪಟ್ಟಿಯಲ್ಲಿ ರಿಕವರಿ ಕೀ ತೆರೆದು, ಕಾಗದದಲ್ಲಿ ಬರೆದಿಡಿ. ಅದನ್ನು ಲ್ಯಾಪ್‌ಟಾಪ್ ಬ್ಯಾಗಿನೊಳಗೆ ಇಡಬೇಡಿ.

ನಿಮ್ಮ ಪಾಸ್‌ವರ್ಡ್ ಬರೆದುಕೊಡುವ ಅಗತ್ಯವಿಲ್ಲ. ಪರೀಕ್ಷೆಗೆಂದು ಬೇರೆ ಲೋಕಲ್ ಖಾತೆ ಮಾಡಿಕೊಡಿ. ಆಮೇಲೆ ಫೋಟೊ: ಮೇಲಿನ ಮುಚ್ಚಳ, ಕೆಳಭಾಗ, ನಾಲ್ಕು ಅಂಚು, ಎರಡು ಹಿಂಜ್, ಪ್ರತಿ ಕಿಂಡಿಯ ಒಳಭಾಗ, ಕೆಳಗಿನ ಪ್ರತಿ ಸ್ಕ್ರೂ. ಬಯಾಸ್‌ನ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟಪ್) ಸಿಸ್ಟಮ್ ಇನ್ಫರ್ಮೇಶನ್ ಪುಟದಿಂದ ಸೀರಿಯಲ್, ರ‍್ಯಾಮ್ ಗಾತ್ರ. ಡಿವೈಸ್ ಮ್ಯಾನೇಜರ್‌ನಿಂದ ಎಸ್‌ಎಸ್‌ಡಿ ಮಾದರಿ ಮತ್ತು ಮಾನಿಟರ್‌ನ ಹಾರ್ಡ್‌ವೇರ್ ಐಡಿ. ವಾಪಸ್ ಬಂದಾಗ ಹೋಲಿಸಲು ಇವೇ ಆಧಾರ.

ಕೌಂಟರ್‌ನಲ್ಲಿರುವವರು ‘ಡಿಸ್‌ಪ್ಲೇ ಇಶ್ಯೂ’ ಎಂದು ಎರಡು ಪದ ಟೈಪ್ ಮಾಡಿ ಮುಗಿಸುತ್ತಾರೆ. ಅಷ್ಟಕ್ಕೆ ಸಹಿ ಹಾಕಬೇಡಿ. ನೀವು ಬರೆಸಬೇಕಾದ್ದು ಹೀಗಿರಲಿ: ‘ಬ್ಯಾಟರಿಯಲ್ಲಿ 30–40 ನಿಮಿಷ ಓಡಿದ ಮೇಲೆ ಪರದೆಯ ಕೆಳಭಾಗದಲ್ಲಿ ಅಡ್ಡಗೆರೆ ಬರುತ್ತದೆ. ಮುಚ್ಚಳ ಅಲುಗಿಸಿದರೆ ಹೆಚ್ಚುತ್ತದೆ. ಹೊರಗಿನ ಮಾನಿಟರ್‌ನಲ್ಲಿ ಗೆರೆ ಇಲ್ಲ. ಹಿಂದಿನ ಜಾಬ್ ಶೀಟಿನಲ್ಲೂ ಇದೇ ದೂರು.’ ಕೊನೆಯಲ್ಲಿ ಹಿಂದಿನ ಶೀಟಿನ ಸಂಖ್ಯೆಯನ್ನೂ ಸೇರಿಸಿ. ಟೈಪ್ ಮಾಡಲು ಒಪ್ಪದಿದ್ದರೆ ಅವರ ಪ್ರತಿಯ ಮೇಲೂ ನಿಮ್ಮ ಪ್ರತಿಯ ಮೇಲೂ ಪೆನ್ನಿನಲ್ಲಿ ಬರೆದು ಸಹಿ ಹಾಕಿ, ಫೋಟೊ ತೆಗೆದು ಅಲ್ಲಿಂದಲೇ ಕಂಪನಿಗೆ ಮೇಲ್ ಮಾಡಿ. ಲ್ಯಾಪ್‌ಟಾಪಿನ ಸ್ಥಿತಿ ಎಂಬ ಕಾಲಂನಲ್ಲಿ ‘ಸ್ಕ್ರ್ಯಾಚಸ್, ಡೆಂಟ್ಸ್’ ಎಂದು ಸುಮ್ಮನೆ ಟಿಕ್ ಹಾಕುವುದೂ ಇದೆ. ಇಲ್ಲದಿದ್ದರೆ ಹೊಡೆಸಿ ಹಾಕಿಸಿ.

ತುಕ್ಕು, ಸಿಡಿಲು ಮತ್ತು ಇತರ ನೆಪಗಳು

ವಾರಂಟಿ ನಿರಾಕರಿಸಲು ಕೊಡಗಿನ ಲ್ಯಾಪ್‌ಟಾಪ್‌ಗಳಿಗೆ ಸುಲಭವಾಗಿ ಅಂಟಿಸುವ ಕಾರಣ ‘ಲಿಕ್ವಿಡ್ ಡ್ಯಾಮೇಜ್’. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುವ ಊರಿನಲ್ಲಿ ಸ್ಕ್ರೂಗಳ ತಲೆ, ಯುಎಸ್‌ಬಿ ಕಿಂಡಿಯ ಅಂಚು ಮಂಕಾಗುವುದು ಸಹಜ. ಅದಕ್ಕೂ ನೀರು ಚೆಲ್ಲಿದ್ದಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಚೆಲ್ಲಿದ ನೀರು, ಕಾಫಿ ಒಂದೇ ಜಾಗದಲ್ಲಿ ಕಲೆ ಬಿಡುತ್ತದೆ: ಬೋರ್ಡಿನ ಒಂದು ಮೂಲೆಯಲ್ಲಿ ಬಿಳಿ ಅಥವಾ ಹಸಿರು ಪುಡಿ, ಅಂಟು, ಹರಿದುಹೋದ ಗುರುತು. ಹವೆಯ ತೇವ ಎಲ್ಲ ಲೋಹದ ಮೇಲೂ ಒಂದೇ ತೆರನಾಗಿ ತೆಳುವಾಗಿ ಕೂರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳೊಳಗೆ ನೀರು ತಾಗಿದರೆ ಬಿಳಿಯಿಂದ ಕೆಂಪಾಗುವ ಚಿಕ್ಕ ಸ್ಟಿಕ್ಕರ್ ಇರುತ್ತದೆ. ‘ಲಿಕ್ವಿಡ್’ ಎಂದೊಡನೆ ನಿಮ್ಮೆದುರೇ ಬಿಚ್ಚಿ ತೋರಿಸಲು ಕೇಳಿ, ಕಲೆಯ ಜಾಗ ಮತ್ತು ಸ್ಟಿಕ್ಕರ್ ಎರಡರದ್ದೂ ಫೋಟೊ ತೆಗೆಯಿರಿ, ಯಾವ ಬಿಡಿಭಾಗಕ್ಕೆ ನೀರು ತಾಗಿದೆ, ಅದಕ್ಕೂ ಈ ದೋಷಕ್ಕೂ ಏನು ಸಂಬಂಧ ಎಂದು ಬರೆದುಕೊಡಲು ಹೇಳಿ. ಮುಚ್ಚಳದ ಹಿಂಜ್ ಸಡಿಲವಾದದ್ದಕ್ಕೆ ಬೋರ್ಡಿನ ತುಕ್ಕು ಕಾರಣವಾಗಲಾರದು.

ಲ್ಯಾಪ್‌ಟಾಪಿನ ಸ್ಪೆಸಿಫಿಕೇಶನ್‌ನಲ್ಲಿ ಎಷ್ಟು ತೇವಾಂಶದವರೆಗೆ ಓಡಬಹುದೆಂದು ಬರೆದಿರುತ್ತದೆ. ಮಾದರಿಗೆ ತಕ್ಕಂತೆ ಶೇಕಡಾ 80 ಅಥವಾ 90, ನೀರಹನಿ ಕಟ್ಟದಂತೆ. ನಮ್ಮ ಮಳೆಗಾಲ ಅದನ್ನು ದಾಟುತ್ತದೆ. ದಿನಕ್ಕೆ ಒಂದು ಗಂಟೆಯಾದರೂ ಆನ್ ಮಾಡಿಟ್ಟರೆ ಒಳಗಿನ ಬಿಸಿಗೆ ತೇವ ಹೋಗುತ್ತದೆ. ಬಳಸದ ದಿನ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಜಿಪ್ ಚೀಲದಲ್ಲಿಡಿ. ಕಾಳು ಬಣ್ಣ ಬದಲಿಸಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು.

ಇನ್ನೊಂದು ನೆಪ ‘ವೋಲ್ಟೇಜ್’. ಲ್ಯಾಪ್‌ಟಾಪ್ ಚಾರ್ಜರುಗಳು 100ರಿಂದ 240 ವೋಲ್ಟ್‌ವರೆಗೆ ಓಡುವಂತೆ ಮಾಡಿದವು. ಚಾರ್ಜರ್ ಮೇಲೇ ಅಚ್ಚಾಗಿರುತ್ತದೆ. ಸಂಜೆ ಲೋ ವೋಲ್ಟೇಜ್ ಆದರೆ ಅದಕ್ಕೇನೂ ಆಗುವುದಿಲ್ಲ. ನಿಜವಾದ ಅಪಾಯ ಏಪ್ರಿಲ್, ಮೇ ತಿಂಗಳ ಸಿಡಿಲಿನದ್ದು ಮತ್ತು ಹೋದ ಕರೆಂಟು ಧುಮುಕಿ ಬರುವಾಗಿನ ಸರ್ಜ್‌ನದ್ದು. ಸರ್ಜ್‌ನಿಂದ ಸತ್ತಿದೆ ಎಂದರೆ ಮೊದಲು ಪೆಟ್ಟು ಬೀಳಬೇಕಾದ್ದು ಚಾರ್ಜರ್‌ಗೆ. ಚಾರ್ಜರ್ ಸರಿಯಿದ್ದು ಬೋರ್ಡ್ ಮಾತ್ರ ಸುಟ್ಟಿದೆ ಎಂದರೆ ವಿವರಣೆ ಕೇಳುವ ಹಕ್ಕು ನಿಮಗಿದೆ. ಸಿಡಿಲಿನ ಸದ್ದು ಕೇಳಿದೊಡನೆ ಪ್ಲಗ್ ಕಿತ್ತಿಡುವುದು, ಲ್ಯಾನ್ ವೈರ್ ಇದ್ದರೆ ಅದನ್ನೂ ಕಿತ್ತಿಡುವುದು ಈ ಇಡೀ ವಾದವನ್ನೇ ತಪ್ಪಿಸುತ್ತದೆ.

ಕುಶಾಲನಗರ, ಗೋಣಿಕೊಪ್ಪಲಿನಲ್ಲಿ ಕೈ ಪಳಗಿದ ರಿಪೇರಿಯವರು ಇದ್ದಾರೆ. ಆದರೂ ವಾರಂಟಿ ಅವಧಿಯಲ್ಲಿ ಅವರ ಹತ್ತಿರ ಬಿಚ್ಚಿಸಬೇಡಿ. ಒಂದು ಸ್ಕ್ರೂ ತಲೆ ತಿಂದಿದ್ದರೂ ‘ಹೊರಗಿನವರು ತೆರೆದಿದ್ದಾರೆ’ ಎಂಬ ಷರಾ ಬೀಳುತ್ತದೆ.

ವಾಪಸ್ ಪಡೆಯುವಾಗ

ಇಲ್ಲಿ ಒಂದು ಗಂಟೆ ಕೊಡಿ. ಬಸ್ಸಿಗೆ ಹೊತ್ತಾಯಿತೆಂದು ಅವಸರ ಮಾಡಿದರೆ ಇನ್ನೊಂದು ದಿನ ಕಳೆಯಬೇಕಾಗುತ್ತದೆ. ಚಾರ್ಜರ್, ಪೆನ್‌ಡ್ರೈವ್, ಹೆಡ್‌ಫೋನ್ ಜೊತೆಗಿರಲಿ.

ಮೊದಲು ಹೊರಮೈ. ಸಮತಟ್ಟಾದ ಮೇಜಿನ ಮೇಲಿಟ್ಟು ನಾಲ್ಕು ಮೂಲೆ ಒತ್ತಿ. ಅಲುಗಾಡಿದರೆ ಕೆಳಮುಚ್ಚಳ ಸರಿಯಾಗಿ ಕೂತಿಲ್ಲ, ಅಥವಾ ಯಾವುದೋ ವೈರ್ ಒಳಗೆ ಸಿಕ್ಕಿಕೊಂಡಿದೆ. ಪರದೆಯ ಚೌಕಟ್ಟಿನ ಸುತ್ತ ಉಗುರು ಓಡಿಸಿ. ಸಂದಿ ಸಿಕ್ಕಲ್ಲಿ ಕ್ಲಿಪ್ ಮುರಿದಿದೆ. ಸ್ಕ್ರೂಗಳನ್ನು ಫೋಟೊ ಜೊತೆ ಹೋಲಿಸಿ ಎಣಿಸಿ. ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ಜಾಗದ ಸ್ಕ್ರೂ ಒಂದೊಂದು ಉದ್ದ. ಗಡಿಬಿಡಿಯಲ್ಲಿ ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಅದು ಮೇಲಿನ ಅಂಗೈ ಇಡುವ ಭಾಗವನ್ನು ಒಳಗಿಂದ ತಿವಿದು ಸಣ್ಣ ಗುಬುಟು ಎಬ್ಬಿಸುತ್ತದೆ, ದುರದೃಷ್ಟಕ್ಕೆ ಬೋರ್ಡನ್ನೇ ತಿವಿಯುವುದೂ ಉಂಟು. ಬೆರಳಿನಿಂದ ಸವರಿ ನೋಡಿದರೆ ಗೊತ್ತಾಗುತ್ತದೆ.

ಆಮೇಲೆ ಬಯಾಸ್. ಮದರ್‌ಬೋರ್ಡ್ ಬದಲಾಗಿದ್ದರೆ ಹೊಸ ಬೋರ್ಡಿಗೆ ನಿಮ್ಮ ಹಳೆಯ ಸೀರಿಯಲ್ ನಂಬರ್ ಬರೆಯಬೇಕು. ಬಯಾಸ್‌ನಲ್ಲಿ ಸೀರಿಯಲ್ ಜಾಗ ಖಾಲಿಯಿದ್ದರೆ, ಇನ್‌ವ್ಯಾಲಿಡ್ ಎಂದಿದ್ದರೆ ಆ ಕೆಲಸ ಬಿಟ್ಟುಹೋಗಿದೆ. ಹಾಗೇ ತಂದರೆ ಮುಂದಿನ ಸಲ ‘ಈ ಯಂತ್ರ ನಮ್ಮ ದಾಖಲೆಯಲ್ಲೇ ಇಲ್ಲ’ ಎನ್ನುತ್ತಾರೆ. ವಿಂಡೋಸ್ ಒಳಗೆ ಹೋಗಿ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಟಿವೇಶನ್ ನೋಡಿ. ಬೋರ್ಡ್ ಬದಲಾದಾಗ ಅದು ತಪ್ಪಿರುವ ಸಾಧ್ಯತೆ ಇದೆ, ಸರಿಪಡಿಸಿಕೊಡುವುದು ಅವರ ಕೆಲಸ. ರ‍್ಯಾಮ್ ಗಾತ್ರ, ಎಸ್‌ಎಸ್‌ಡಿ ಮಾದರಿ ಮೊದಲಿನದ್ದೇ ಇದೆಯೇ ನೋಡಿ.

ವಾರಂಟಿಯಲ್ಲಿ ಹಾಕುವ ಬಿಡಿಭಾಗ ಹೊಸದೇ ಆಗಿರಬೇಕೆಂದಿಲ್ಲ, ರಿಫರ್ಬಿಷ್ ಮಾಡಿದ್ದನ್ನೂ (ಹಳೆಯದನ್ನು ದುರಸ್ತಿ ಮಾಡಿದ್ದು) ಹಾಕಬಹುದು ಎಂದು ಹೆಚ್ಚಿನ ಕಂಪನಿಗಳ ಷರತ್ತಿನಲ್ಲಿದೆ. ಆದರೆ ಮೊದಲಿನದ್ದಕ್ಕಿಂತ ಕೀಳು ಭಾಗ ಹಾಕುವಂತಿಲ್ಲ. ಹೊಸ ಬ್ಯಾಟರಿ ಎಂದು ಹೇಳಿ ಹಾಕಿದ್ದರ ಸೈಕಲ್ ಕೌಂಟ್ ನೂರರ ಮೇಲಿದ್ದರೆ, ಎಸ್‌ಎಸ್‌ಡಿ ಆಗಲೇ ಸಾವಿರಾರು ಗಂಟೆ ಓಡಿದೆ ಎಂದು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ತಂತ್ರಾಂಶ ತೋರಿಸಿದರೆ ಅದನ್ನು ಶೀಟಿನಲ್ಲಿ ಬರೆಸಿ. ಪರದೆ ಬದಲಾದಾಗ ಮೋಸ ಇನ್ನೂ ಸೂಕ್ಷ್ಮ. ಗಾತ್ರ, ರೆಸಲ್ಯೂಶನ್ ಅದೇ, ಆದರೆ ಬಣ್ಣ ಪೇಲವ, ಪಕ್ಕದಿಂದ ನೋಡಿದರೆ ಮುಖಗಳು ಕಪ್ಪು. ಡಿವೈಸ್ ಮ್ಯಾನೇಜರ್‌ನಲ್ಲಿ ಮಾನಿಟರ್‌ನ ಹಾರ್ಡ್‌ವೇರ್ ಐಡಿ ಬೇರೆಯಾಗಿದ್ದರೆ ಪ್ಯಾನೆಲ್ ಬೇರೆ ಮಾದರಿಯದ್ದು. ಆ ಮಾದರಿಯ ಬಣ್ಣ, ಬೆಳಕಿನ ಪ್ರಮಾಣ ನೀವು ಕೊಂಡ ಲ್ಯಾಪ್‌ಟಾಪಿನ ಸ್ಪೆಸಿಫಿಕೇಶನ್‌ಗೆ ಹೊಂದುತ್ತದೆಯೇ ಎಂದು ಕೇಳಿ.

ಬಿಚ್ಚಿ ಜೋಡಿಸಿದ ಲ್ಯಾಪ್‌ಟಾಪಿನಲ್ಲಿ ಮರೆತುಹೋಗುವ ವಸ್ತುಗಳು ಬಹುತೇಕ ಅವೇ. ವೈಫೈ ಕಾರ್ಡಿಗೆ ಎರಡು ಸಣ್ಣ ಆಂಟೆನಾ ವೈರ್ ಇರುತ್ತವೆ, ಒಂದು ಸರಿಯಾಗಿ ಒತ್ತಿ ಕೂರಿಸದಿದ್ದರೆ ರೂಟರ್ ಪಕ್ಕದಲ್ಲಿ ಸಿಗ್ನಲ್ ಪೂರ್ತಿ, ಎರಡು ಗೋಡೆ ದಾಟಿದರೆ ಶೂನ್ಯ. ಫೋನಿನ ಹಾಟ್‌ಸ್ಪಾಟ್ ಹಾಕಿ ಬಾಗಿಲಾಚೆ ನಡೆದು ನೋಡಿ. ಟಚ್‌ಪ್ಯಾಡ್ ಪಟ್ಟಿ, ಕೀಬೋರ್ಡ್ ಬೆಳಕಿನ ಪಟ್ಟಿ, ಸ್ಪೀಕರ್ ವೈರ್, ಕ್ಯಾಮೆರಾ, ಮೈಕ್, ಎಲ್ಲ ಒಂದೊಂದಾಗಿ ನೋಡಿ. ಮುಚ್ಚಳ ಮುಚ್ಚಿದರೆ ನಿದ್ದೆಗೆ ಹೋಗುತ್ತದೆಯೇ, ತೆರೆದರೆ ಏಳುತ್ತದೆಯೇ ನೋಡಿ.

ಕೊನೆಗೆ ಬಿಸಿ. ಬೋರ್ಡ್ ಬದಲಿಸಿದಾಗ ಪ್ರಾಸೆಸರ್ ಮೇಲೆ ಕೂತು ಶಾಖ ಹೀರುವ ಲೋಹದ ಹೀಟ್‌ಸಿಂಕ್ ತೆಗೆದು, ಶಾಖ ದಾಟಿಸುವ ಹೊಸ ಥರ್ಮಲ್ ಪೇಸ್ಟ್ ಹಚ್ಚಿ, ಅದರ ಮೇಲೆ ಅಂಕಿ ಬರೆದ ಕ್ರಮದಲ್ಲೇ ಸ್ಕ್ರೂ ಬಿಗಿಯಬೇಕು. ಒಣಗಿದ ಪೇಸ್ಟ್ ಮೇಲೇ ಕೂರಿಸಿದರೆ ಅಥವಾ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲವಾದರೆ ಶಾಖ ದಾಟುವುದಿಲ್ಲ. ಹೊರೆ ಬಿದ್ದಾಗ ಪ್ರಾಸೆಸರ್ 90 ಡಿಗ್ರಿ ದಾಟುವುದು ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅಸಹಜವಲ್ಲ. ಏನೂ ಓಡದಿದ್ದಾಗಲೇ 65–70 ಇದ್ದು, ಹೊರೆ ಹಾಕಿದ ಎರಡು ಮೂರು ಸೆಕೆಂಡಿಗೆ 100 ಮುಟ್ಟಿ ವೇಗ ಕುಸಿದರೆ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ. ಎಚ್‌ಡಬ್ಲ್ಯುಇನ್ಫೊ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ನಲ್ಲಿ ಒಯ್ದರೆ ಅಲ್ಲೇ ತೋರಿಸಬಹುದು.

ಕೆಲವು ಕಂಪನಿಗಳಲ್ಲಿ ದೂರು ಮುಚ್ಚಲು ನಿಮ್ಮ ಫೋನಿಗೆ ಒಟಿಪಿ ಬರುತ್ತದೆ. ‘ಕೊಡಿ ಸರ್, ಸಿಸ್ಟಮ್‌ನಲ್ಲಿ ಕ್ಲೋಸ್ ಮಾಡ್ಬೇಕು’ ಎನ್ನುತ್ತಾರೆ. ಅದನ್ನು ಹೇಳಿದರೆ ತೊಂದರೆ ಬಗೆಹರಿದಿದೆ ಎಂದು ನೀವೇ ಒಪ್ಪಿದಂತೆ. ಪರೀಕ್ಷೆ ಮುಗಿಯುವವರೆಗೆ ಕೊಡಬೇಡಿ. ಸರ್ವಿಸ್ ರಿಪೋರ್ಟಿನಲ್ಲಿ ಯಾವ ಭಾಗ ಬದಲಾಯಿತು, ಅದರ ಪಾರ್ಟ್ ನಂಬರ್, ಕೊಟ್ಟ ದಿನ, ವಾಪಸ್ ಸಿಕ್ಕ ದಿನ ಇರಬೇಕು. ನಿಮಗೆ ಸಮಾಧಾನವಿಲ್ಲದಿದ್ದರೆ ಸಹಿಯ ಮೇಲೆ ‘ತೊಂದರೆ ಮುಂದುವರಿದಿದೆ’ ಅಥವಾ ‘ಪರೀಕ್ಷೆಗೆ ಒಳಪಟ್ಟು ಪಡೆದಿದ್ದೇನೆ’ ಎಂದು ಬರೆದೇ ಸಹಿ ಹಾಕಿ.

ಮತ್ತೆ ಅದೇ ತೊಂದರೆ ಬಂದರೆ

ಮೂರು ಸಲ ರಿಪೇರಿಯಾದರೆ ಹೊಸದು ಕೊಡಲೇಬೇಕು ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ನಮ್ಮ ಕಾಯ್ದೆಯಲ್ಲಿ ಅಂಥ ಸಂಖ್ಯೆ ಇಲ್ಲ. ಇರುವುದು ದೋಷ ಮತ್ತು ಸೇವಾ ನ್ಯೂನತೆ. ಒಂದೇ ದೂರು ಹೊತ್ತ ಎರಡು ಮೂರು ಜಾಬ್ ಶೀಟುಗಳಿದ್ದರೆ ಎರಡನ್ನೂ ತೋರಿಸುವುದು ಸುಲಭ. ಹಾಗಾಗಿ ಎರಡನೇ ರಿಪೇರಿ ವಿಫಲವಾದೊಡನೆ ಕಸ್ಟಮರ್ ಕೇರ್ ಬಿಟ್ಟು ಮೇಲಕ್ಕೆ ಬರೆಯಿರಿ. ಕಂಪನಿಯ ಭಾರತದ ನೋಂದಾಯಿತ ಕಚೇರಿಯ ವಿಳಾಸ ವಾರಂಟಿ ಪುಸ್ತಕದಲ್ಲಿ ಸಿಗುತ್ತದೆ. ಆನ್‌ಲೈನ್ ಖರೀದಿಯಾದರೆ ಮಾರಾಟ ತಾಣದ ಕುಂದುಕೊರತೆ ಅಧಿಕಾರಿಗೂ ಬರೆಯಿರಿ; 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಪತ್ರ ಒಂದು ಪುಟ ಸಾಕು, ಕೋಪ ಬೇಡ. ಹೀಗೆ:

‘ದಿನಾಂಕ … ರಂದು ಬಿಲ್ ಸಂಖ್ಯೆ … ರ ಮೂಲಕ ರೂ. … ಕೊಟ್ಟು ಖರೀದಿಸಿದ, ಸೀರಿಯಲ್ ನಂಬರ್ … ಇರುವ ಲ್ಯಾಪ್‌ಟಾಪ್‌ನಲ್ಲಿ … ದೋಷವಿದೆ. ಇದೇ ದೋಷಕ್ಕೆ ದಿನಾಂಕ …, … ರಂದು ಜಾಬ್ ಶೀಟ್ ಸಂಖ್ಯೆ …, … ರಂತೆ ರಿಪೇರಿ ಮಾಡಲಾಗಿದೆ. ಲ್ಯಾಪ್‌ಟಾಪ್ ಒಟ್ಟು … ದಿನ ನಿಮ್ಮ ವಶದಲ್ಲಿತ್ತು. ದೋಷ ಹಾಗೇ ಉಳಿದಿದೆ. ರಿಪೇರಿ ವೇಳೆ … ಹಾನಿಯೂ ಆಗಿದೆ. ಈ ಪತ್ರ ತಲುಪಿದ 15 ದಿನಗಳೊಳಗೆ ಅದೇ ಮಾದರಿಯ ಹೊಸ ಲ್ಯಾಪ್‌ಟಾಪ್ ಕೊಡಬೇಕು ಅಥವಾ ಪೂರ್ಣ ಹಣ ಹಿಂದಿರುಗಿಸಬೇಕು. ತಪ್ಪಿದಲ್ಲಿ ಕೊಡಗು ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ಸಲ್ಲಿಸುತ್ತೇನೆ.’

ಇದನ್ನು ಇಮೇಲ್‌ನಲ್ಲೂ, ಸ್ವೀಕೃತಿ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಅಂಗಡಿ, ಕಂಪನಿ, ಸರ್ವಿಸ್ ಸೆಂಟರ್ ಮೂವರಿಗೂ ಹೋಗಲಿ. ಅದೇ ದಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಸಹಾಯವಾಣಿಗೆ ಆದೇಶ ಕೊಡುವ ಅಧಿಕಾರವಿಲ್ಲ, ದೂರನ್ನು ಕಂಪನಿಯ ಮೇಲಿನ ಹಂತಕ್ಕೆ ದಾಟಿಸುತ್ತದೆ. ಕಾಲ್ ಸೆಂಟರ್‌ನಲ್ಲಿ ಅಲುಗಾಡದ ಕಡತ ಹೀಗೆ ಚಲಿಸುವುದುಂಟು. ಖರ್ಚಿಲ್ಲದ ದಾರಿ, ಬಿಡಬೇಡಿ.

ಮಡಿಕೇರಿಯ ಆಯೋಗ

ಕಂಪನಿ ಬೆಂಗಳೂರಿನಲ್ಲಿರಲಿ, ದೆಹಲಿಯಲ್ಲಿರಲಿ, ಆನ್‌ಲೈನ್‌ನಲ್ಲೇ ಕೊಂಡಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಅವಕಾಶ ಕೊಟ್ಟಿದೆ. ನಮಗೆ ಅದು ಮಡಿಕೇರಿ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ವಿಡಿಯೊ ಮೂಲಕ ಹಾಜರಾಗಲು ಅರ್ಜಿಯನ್ನೂ ಕೊಡಬಹುದು. ಗಡುವು, ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷ.

ದೂರಿನ ಜೊತೆ ಬಿಲ್ಲು, ವಾರಂಟಿ ಷರತ್ತು, ಎಲ್ಲ ಜಾಬ್ ಶೀಟು, ಇಮೇಲ್ ಸರ, ನೀವು ಕಳಿಸಿದ ಪತ್ರ ಮತ್ತು ಅದರ ಸ್ವೀಕೃತಿ, ನಿಮ್ಮ ಅಫಿಡವಿಟ್ ಇರಬೇಕು. ವಿಡಿಯೊ, ಫೋಟೊ, ವಾಟ್ಸ್ಆ್ಯಪ್ ಪ್ರತಿಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ, ಡಿಜಿಟಲ್ ಪ್ರತಿ ಅಸಲೆಂದು ದೃಢೀಕರಿಸುವ ಪ್ರಮಾಣಪತ್ರ ಲಗತ್ತಿಸಿ. ಇದನ್ನು ಮರೆತವರ ವಿಡಿಯೊ ಎಷ್ಟೇ ಸ್ಪಷ್ಟವಿದ್ದರೂ ತಕರಾರಿಗೆ ಸಿಲುಕುತ್ತದೆ. ಓಡಾಟದ ಬಸ್ ಟಿಕೆಟ್, ಬಾಡಿಗೆ ಲ್ಯಾಪ್‌ಟಾಪ್ ತಂದಿದ್ದರೆ ಅದರ ರಸೀದಿ ಪರಿಹಾರ ಕೇಳಲು ಬೇಕು.

ಎದುರು ಪಕ್ಷಕ್ಕೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15. ದೋಷವೇ ಇಲ್ಲ ಎಂದು ಅವರು ವಾದಿಸಿದರೆ 38ನೇ ಕಲಂನಡಿ ಲ್ಯಾಪ್‌ಟಾಪನ್ನು ಪ್ರಯೋಗಾಲಯಕ್ಕೆ ಕಳಿಸಿ ವರದಿ ತರಿಸಲು ಆಯೋಗವನ್ನು ಕೇಳಿ. ಅದಕ್ಕಾಗಿಯೇ ಲ್ಯಾಪ್‌ಟಾಪನ್ನು ಬೇರೆಯವರಿಂದ ಬಿಚ್ಚಿಸದೆ ಇಟ್ಟಿರಬೇಕು. ಪರೀಕ್ಷೆ ಬೇಡದ ದೂರು 3 ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದು 5 ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ, ವಾಸ್ತವದಲ್ಲಿ ಹೆಚ್ಚು ಹಿಡಿಯಬಹುದು. ಆಯೋಗದ ನೋಟಿಸು ಕೈಸೇರಿದ ಮೇಲೆ ಕಂಪನಿ ರಾಜಿಗೆ ಬಂದರೆ ಮಾತುಕತೆಗೆ ಒಪ್ಪಿ, ಆದರೆ ಲಿಖಿತವಾಗಿ. ಆದೇಶ ಬಂದ ಮೇಲೂ ಪಾಲಿಸದಿದ್ದರೆ 72ನೇ ಕಲಂನಲ್ಲಿ ಕನಿಷ್ಠ 25,000 ರೂಪಾಯಿ ದಂಡ ಅಥವಾ ಒಂದು ತಿಂಗಳಿಂದ 3 ವರ್ಷದವರೆಗಿನ ಸೆರೆ, ಅಥವಾ ಎರಡೂ ಇದೆ.

ಬದಲಿ ಲ್ಯಾಪ್‌ಟಾಪ್ ಕೊಡಲು ಒಪ್ಪಿದಾಗ ಮೂರು ಸಂಗತಿ ಲಿಖಿತದಲ್ಲಿರಲಿ: ಅದು ಹೊಸದೋ ರಿಫರ್ಬಿಷ್ ಮಾಡಿದ್ದೋ, ಅದೇ ಅಥವಾ ಮೇಲಿನ ಸ್ಪೆಸಿಫಿಕೇಶನ್ ಇದೆಯೋ, ವಾರಂಟಿ ಯಾವ ದಿನದಿಂದ ಯಾವ ದಿನದವರೆಗೆ. ಹೊಸ ಸೀರಿಯಲ್ ನಂಬರ್ ಬರೆದ ಪತ್ರವನ್ನು ಹಳೆಯ ಬಿಲ್ಲಿನ ಜೊತೆ ಪಿನ್ ಮಾಡಿಡಿ. ಹಳೆಯದನ್ನು ಒಪ್ಪಿಸುವ ಮುನ್ನ ಡೇಟಾ ಹೊರತೆಗೆದು, ರಿಸೆಟ್‌ನಲ್ಲಿ ಎಲ್ಲವನ್ನೂ ಅಳಿಸುವ ಆಯ್ಕೆ ಕೊಟ್ಟು, ಮೈಕ್ರೋಸಾಫ್ಟ್ ಖಾತೆಯ ಡಿವೈಸ್ ಪಟ್ಟಿಯಿಂದ ಅದನ್ನು ತೆಗೆದುಹಾಕಿ. ಜೊತೆಗೆ ಬಂದಿದ್ದ ಆಫೀಸ್ ನಿಮ್ಮ ಖಾತೆಗೆ ಸೇರಿದ್ದು. ಹೊಸ ಯಂತ್ರದಲ್ಲಿ ಅದೇ ಖಾತೆಯಿಂದ ಲಾಗಿನ್ ಆಗಿ ಅದು ತೆರೆಯುತ್ತದೆಯೇ ಎಂದು ಹಳೆಯದು ಕೈಬಿಟ್ಟು ಹೋಗುವ ಮೊದಲೇ ನೋಡಿಕೊಳ್ಳಿ.